ಮಧುಮೇಹದ ಔಷಧಗಳು ಮತ್ತು ಕಣ್ಣು: ಒಂದು ಶತಮಾನದ ಚಾರಿತ್ರಿಕ ಅವಲೋಕನ

ಪೀಠಿಕೆ

ಮಧುಮೇಹವು ಕಣ್ಣನ್ನು ಕೆಡಿಸುತ್ತದೆ ಎಂಬುದು ಇಂದು ಸರ್ವವಿದಿತವಾದ ಸಂಗತಿ. ಆದರೆ ಆ ರೋಗವನ್ನು ಹತೋಟಿಯಲ್ಲಿಡಲು ಕೊಡುವ ಔಷಧವೇ ಕಣ್ಣಿಗೆ ತೊಂದರೆ ಉಂಟುಮಾಡಬಲ್ಲುದೇ ಎಂಬ ಪ್ರಶ್ನೆ ಬೇರೆಯದು. ಇನ್ಸುಲಿನ್ ಬಳಕೆಗೆ ಬಂದ ಕಾಲದಿಂದ ಇಂದಿನ ಸೆಮಾಗ್ಲುಟೈಡ್‌ವರೆಗೆ, ಒಂದು ಶತಮಾನದ ಅವಧಿಯಲ್ಲಿ, ಈ ಪ್ರಶ್ನೆ ಹಲವು ಬಾರಿ ಎದ್ದಿದೆ. ಪ್ರತಿ ಬಾರಿಯೂ ಅದಕ್ಕೆ ದೊರೆತ ಉತ್ತರ ಭಾಗಶಃ ‘ಹೌದು’, ಭಾಗಶಃ ‘ಅಲ್ಲ’ ಎಂಬ ರೂಪದ್ದಾಗಿದೆ.

ಈ ಪ್ರಶ್ನೆ ಕೇವಲ ವೈದ್ಯಶಾಸ್ತ್ರದ ಪಂಡಿತರಿಗೆ ಸೀಮಿತವಾದುದಲ್ಲ. ‘ಇನ್ಸುಲಿನ್ ಚುಚ್ಚಿಸಿಕೊಂಡರೆ ಕಣ್ಣು ಹೋಗುತ್ತದೆ’ ಎಂಬ ಭಯ ಜನಸಾಮಾನ್ಯರಲ್ಲಿ ಬಲವಾಗಿದೆ. ಈ ಭಯದಿಂದ ಚಿಕಿತ್ಸೆಯನ್ನು ಮುಂದೂಡಿದವರು ಕೊನೆಗೆ ದೃಷ್ಟಿಯನ್ನೇ ಕಳೆದುಕೊಳ್ಳುವ ಸಂಭವವಿದೆ. ಇನ್ನೊಂದೆಡೆ, ಭಯಕ್ಕೆ ಆಧಾರವೇ ಇಲ್ಲವೆಂದು ತಳ್ಳಿಹಾಕಿ, ಕಣ್ಣಿನ ಪರೀಕ್ಷೆಯನ್ನೇ ಮಾಡದೆ ಪ್ರಬಲವಾದ ಔಷಧವನ್ನು ಆರಂಭಿಸುವುದೂ ಹಾನಿಗೆ ಕಾರಣವಾಗಬಲ್ಲುದು. ಈ ಎರಡು ತಪ್ಪುಗಳ ನಡುವಿನ ದಾರಿಯನ್ನು ವೈದ್ಯವಿಜ್ಞಾನ ಹೇಗೆ ಕಂಡುಕೊಂಡಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಕಾಲಾನುಕ್ರಮವಾಗಿ ಪರಿಶೀಲಿಸಲಾಗಿದೆ.

ಕಣ್ಣಿನ ಒಳಗನ್ನು ಕಂಡ ಕಾಲ

ಭಾರತೀಯ ವೈದ್ಯ ಪರಂಪರೆಯಲ್ಲಿ ಮಧುಮೇಹ ಮತ್ತು ನೇತ್ರರೋಗ ಎರಡೂ ಪ್ರಾಚೀನವಾದ ವಿಷಯಗಳು. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಪ್ರಮೇಹದ ವಿವರಣೆಯಿದೆ. ಅದರ ಉತ್ತರತಂತ್ರದಲ್ಲಿ 76 ನೇತ್ರರೋಗಗಳನ್ನು ಎಣಿಸಲಾಗಿದೆ. ಆದರೆ ಜೀವಂತ ವ್ಯಕ್ತಿಯ ಕಣ್ಣಿನ ಹಿಂಭಾಗದ ಪದರವಾದ ಅಕ್ಷಿಪಟಲವನ್ನು ನೋಡುವ ಸಾಧನ ಆ ಕಾಲದಲ್ಲಿ ಎಲ್ಲಿಯೂ ಇರಲಿಲ್ಲ. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ನೇತ್ರದರ್ಶಕವನ್ನು ಪ್ರಕಟಪಡಿಸಿದ ಮೇಲೆ ಈ ಸ್ಥಿತಿ ಬದಲಾಯಿತು.

ವಿಯೆನ್ನಾದ ಎಡ್ವರ್ಡ್ ಯೇಗರ್ 1855–56ರಲ್ಲಿ ಮಧುಮೇಹಿಯೊಬ್ಬರ ಅಕ್ಷಿಪಟಲದಲ್ಲಿ ಕಂಡ ಬದಲಾವಣೆಗಳನ್ನು ಚಿತ್ರಸಹಿತ ದಾಖಲಿಸಿದನು. ಆದರೆ ಆ ಬದಲಾವಣೆಗಳಿಗೆ ಮಧುಮೇಹವೇ ಕಾರಣವೆಂಬುದನ್ನು ಬರ್ಲಿನ್‌ನ ಖ್ಯಾತ ನೇತ್ರತಜ್ಞ ಆಲ್ಬ್ರೆಕ್ಟ್ ಫಾನ್ ಗ್ರೇಫ ಒಪ್ಪಲಿಲ್ಲ. 1872ರಲ್ಲಿ ಲಂಡನ್ನಿನ ಎಡ್ವರ್ಡ್ ನೆಟಲ್‌ಶಿಪ್ ಅಕ್ಷಿಪಟಲದ ಅಂಗಾಂಶ ಪರೀಕ್ಷೆಯ ಆಧಾರವನ್ನು ಒದಗಿಸಿದನು. 1876ರಲ್ಲಿ ವಿಲ್ಹೆಲ್ಮ್ ಮಾಂಟ್ಸ್ ಅಕ್ಷಿಪಟಲದ ಮೇಲೆ ಹೊಸ ರಕ್ತನಾಳಗಳು ಬೆಳೆಯುವ ಘೋರ ಹಂತವನ್ನು ವಿವರಿಸಿದನು. 1890ರಲ್ಲಿ ಯೂಲಿಯಸ್ ಹಿರ್ಷ್‌ಬರ್ಗ್ ಈ ವಿಕಾರಗಳ ವರ್ಗೀಕರಣಕ್ಕೆ ಯತ್ನಿಸಿದನು. ಆದರೂ ಇದು ಮಧುಮೇಹದ ಫಲವೇ ಅಥವಾ ಅದರೊಡನೆ ಬರುವ ರಕ್ತದೊತ್ತಡ ಮತ್ತು ರಕ್ತನಾಳಗಳ ಪೆಡಸುತನದ ಫಲವೇ ಎಂಬ ಚರ್ಚೆ ಮುಂದಿನ ಅರ್ಧ ಶತಮಾನವೂ ನಡೆಯಿತು. 1940ರ ದಶಕದಲ್ಲಿ ಗ್ಲಾಸ್ಗೋದ ಆರ್ಥರ್ ಬ್ಯಾಲಂಟೈನ್ ಅಕ್ಷಿಪಟಲದ ಲೋಮನಾಳಗಳ ಗೋಡೆಯಲ್ಲಿಯೇ ವಿಕಾರವಿರುವುದನ್ನು ತೋರಿಸಿದ ನಂತರ, ಇದು ಮಧುಮೇಹದ್ದೇ ಆದ ವಿಶಿಷ್ಟ ತೊಡಕು ಎಂಬ ನಿಲುವು ಗಟ್ಟಿಗೊಂಡಿತು. ವೈದ್ಯರು ಇದನ್ನು ಡಯಾಬಿಟಿಕ್ ರೆಟಿನೋಪತಿ ಎಂದು ಕರೆಯುತ್ತಾರೆ.

ಇನ್ಸುಲಿನ್ನಿನ ಆಗಮನ ಮತ್ತು ಬದುಕುಳಿದವರ ಕಣ್ಣು

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಮೇದೋಜೀರಕ ಗ್ರಂಥಿಯ ಸಾರವನ್ನು ಸಿದ್ಧಪಡಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧೀಕರಿಸಿದನು. 1922ರ ಜನವರಿಯಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ನೀಡಿದ ಚುಚ್ಚುಮದ್ದು ವೈದ್ಯಚರಿತ್ರೆಯ ದಿಕ್ಕನ್ನೇ ಬದಲಿಸಿತು. 1923ರಲ್ಲಿ ಬ್ಯಾಂಟಿಂಗ್ ಮತ್ತು ಜೆ.ಜೆ.ಆರ್. ಮೆಕ್ಲಾಯ್ಡ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು.

ಇನ್ಸುಲಿನ್‌ಗೆ ಮೊದಲು ಎಳೆಯ ವಯಸ್ಸಿನಲ್ಲಿ ಮಧುಮೇಹಕ್ಕೆ ತುತ್ತಾದವರು ಕೆಲವು ತಿಂಗಳು ಅಥವಾ ಒಂದೆರಡು ವರ್ಷಗಳಲ್ಲಿ ಸಾಯುತ್ತಿದ್ದರು. ಅಕ್ಷಿಪಟಲದ ವಿಕಾರ ಬೆಳೆಯಲು ಹಲವು ವರ್ಷಗಳು ಬೇಕು. ಅಷ್ಟು ಕಾಲ ಅವರು ಬದುಕುತ್ತಿರಲಿಲ್ಲ. ಇನ್ಸುಲಿನ್ ಅವರ ಆಯುಸ್ಸನ್ನು ಹೆಚ್ಚಿಸಿತು. ಹದಿನೈದು ಇಪ್ಪತ್ತು ವರ್ಷಗಳ ನಂತರ, ಜೀವ ಉಳಿಸಿಕೊಂಡ ಅದೇ ತರುಣರಲ್ಲಿ ದೃಷ್ಟಿನಾಶ ಕಾಣಿಸತೊಡಗಿತು. ಮೇಲ್ನೋಟಕ್ಕೆ ಇನ್ಸುಲಿನ್ ಬಂದ ಮೇಲೆ ಕುರುಡುತನ ಹೆಚ್ಚಾದಂತೆ ತೋರಿತು. ವಾಸ್ತವವಾಗಿ ಇಲ್ಲಿ ಹೆಚ್ಚಿದ್ದು ರೋಗದೊಡನೆ ಬದುಕುವ ವರ್ಷಗಳು. ಔಷಧವು ಸಾವನ್ನು ತಡೆದುದರಿಂದ ರೋಗದ ದೀರ್ಘಕಾಲಿಕ ಮುಖ ಮೊದಲ ಬಾರಿಗೆ ಪ್ರಕಟವಾಯಿತು.

ಇದೇ ಕಾಲದಲ್ಲಿ ಇನ್ಸುಲಿನ್ ಆರಂಭಿಸಿದವರಲ್ಲಿ ಇನ್ನೊಂದು ತೊಂದರೆ ಗಮನಕ್ಕೆ ಬಂದಿತು. ಚಿಕಿತ್ಸೆಯ ಮೊದಲ ದಿನಗಳಲ್ಲಿ ಕೆಲವರ ದೃಷ್ಟಿ ಮಸುಕಾಗುತ್ತಿತ್ತು. ಹಳೆಯ ಕನ್ನಡಕ ಹೊಂದುತ್ತಿರಲಿಲ್ಲ. ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನ ಮಸೂರದಲ್ಲಿನ ನೀರಿನ ಪ್ರಮಾಣ ಬದಲಾಗಿ, ಅದರ ವಕ್ರೀಭವನ ಶಕ್ತಿಯೂ ಬದಲಾಗುವುದೇ ಇದಕ್ಕೆ ಕಾರಣ. ಬ್ರಿಟನ್ನಿನ ಸ್ಟುವರ್ಟ್ ಡ್ಯೂಕ್-ಎಲ್ಡರ್ 1925ರಲ್ಲಿಯೇ ಈ ವಿಷಯವನ್ನು ಕುರಿತು ಬರೆದಿದ್ದಾನೆ. ಈ ಮಸುಕು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ಆದ್ದರಿಂದಲೇ ಸಕ್ಕರೆ ಸ್ಥಿರಗೊಳ್ಳುವವರೆಗೆ ಹೊಸ ಕನ್ನಡಕ ಮಾಡಿಸಬಾರದೆಂದು ನೇತ್ರವೈದ್ಯರು ಸಲಹೆ ನೀಡುವುದುಂಟು. ತಾತ್ಕಾಲಿಕವಾದ ಈ ಮಸುಕೂ, ತೀರ ತಡವಾಗಿ ಇನ್ಸುಲಿನ್ ಆರಂಭಿಸಿದವರಲ್ಲಿ ಆ ವೇಳೆಗಾಗಲೇ ಬೇರೂರಿದ್ದ ಅಕ್ಷಿಪಟಲದ ಹಾನಿಯೂ ಸೇರಿ, ಔಷಧವೇ ಕಣ್ಣನ್ನು ಕೆಡಿಸಿತೆಂಬ ನಂಬಿಕೆಗೆ ಇಂಬು ಕೊಟ್ಟಿರಬೇಕು.

ಪಿಟ್ಯುಟರಿ ಗ್ರಂಥಿಯ ಸುಳಿವು

ಸಕ್ಕರೆಯ ಮಟ್ಟವೊಂದೇ ಅಕ್ಷಿಪಟಲದ ಭವಿಷ್ಯವನ್ನು ನಿರ್ಧರಿಸುವುದಿಲ್ಲವೆಂಬುದಕ್ಕೆ 1953ರಲ್ಲಿ ಅನಿರೀಕ್ಷಿತ ಸಾಕ್ಷ್ಯ ದೊರೆಯಿತು. ಡೆನ್ಮಾರ್ಕಿನ ವೈದ್ಯ ಜೇಕಬ್ ಪೌಲ್ಸನ್, ಹೆರಿಗೆಯ ನಂತರ ಪಿಟ್ಯುಟರಿ ಗ್ರಂಥಿ ನಾಶವಾದ ಮಧುಮೇಹಿ ಮಹಿಳೆಯೊಬ್ಬರ ಅಕ್ಷಿಪಟಲದ ವಿಕಾರ ಕ್ರಮೇಣ ಮಾಯವಾದುದನ್ನು ವರದಿ ಮಾಡಿದನು. ಪಿಟ್ಯುಟರಿಯನ್ನು ತೆಗೆದ ಪ್ರಾಣಿಗಳಲ್ಲಿ ಮಧುಮೇಹ ಸೌಮ್ಯಗೊಳ್ಳುವುದನ್ನು ಅರ್ಜೆಂಟೀನಾದ ಬರ್ನಾರ್ಡೊ ಹೌಸೆ ಅದಕ್ಕೂ ಮೊದಲೇ ತೋರಿಸಿದ್ದನು. ಆತನಿಗೆ 1947ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತ್ತು.

ಈ ಆಧಾರದ ಮೇಲೆ 1950ರ ದಶಕದಲ್ಲಿ ಸ್ವೀಡನ್ನಿನ ರಾಲ್ಫ್ ಲುಫ್ಟ್ ಮತ್ತು ಹರ್ಬರ್ಟ್ ಒಲಿವೆಕ್ರೋನಾ ದೃಷ್ಟಿ ಉಳಿಸುವ ಸಲುವಾಗಿ ಪಿಟ್ಯುಟರಿ ಗ್ರಂಥಿಯನ್ನೇ ತೆಗೆಯುವ ಶಸ್ತ್ರಚಿಕಿತ್ಸೆಗೆ ಕೈಹಾಕಿದರು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಗ್ರಂಥಿಯೊಳಗೆ ವಿಕಿರಣಶೀಲ ಇಟ್ರಿಯಂ ಇರಿಸುವ ವಿಧಾನ ನಡೆಯಿತು. ಕೆಲವರ ಕಣ್ಣು ಉಳಿಯಿತಾದರೂ ತೆತ್ತ ಬೆಲೆ ದೊಡ್ಡದಾಗಿತ್ತು: ಜೀವನಪರ್ಯಂತ ಹಾರ್ಮೋನುಗಳ ಅವಲಂಬನೆ ಮತ್ತು ಅಪಾಯಕರವಾಗಿ ಸಕ್ಕರೆ ಕುಸಿಯುವ ಸಂಭವ. ಲೇಸರ್ ಚಿಕಿತ್ಸೆ ಬಂದೊಡನೆ ಈ ವಿಧಾನ ಮೂಲೆಗುಂಪಾಯಿತು. ಗಂಭೀರ ದೃಷ್ಟಿನಾಶವನ್ನು ಲೇಸರ್ ಅರ್ಧಕ್ಕಿಂತ ಹೆಚ್ಚು ತಗ್ಗಿಸುತ್ತದೆಂದು 1976ರಲ್ಲಿ ಅಮೆರಿಕದ ಡಯಾಬಿಟಿಕ್ ರೆಟಿನೋಪತಿ ಅಧ್ಯಯನ ತೋರಿಸಿತು.

ಆದರೂ ಪಿಟ್ಯುಟರಿಯ ಅಧ್ಯಾಯ ವ್ಯರ್ಥವಾಗಲಿಲ್ಲ. ಬೆಳವಣಿಗೆಯ ಹಾರ್ಮೋನು ಮತ್ತು ಅದರಿಂದ ಪ್ರೇರಿತವಾಗುವ, ಇನ್ಸುಲಿನ್ ಅನ್ನು ಹೋಲುವ ಐಜಿಎಫ್-1 ಎಂಬ ಅಂಶ ಅಕ್ಷಿಪಟಲದ ರಕ್ತನಾಳಗಳ ಮೇಲೆ ಪ್ರಭಾವ ಬೀರುತ್ತವೆ ಎಂಬ ಚಿಂತನೆ ಅಲ್ಲಿಂದ ಬೆಳೆಯಿತು. ಮುಂದೆ ಔಷಧಗಳ ಮೇಲಿನ ಸಂಶಯ ಎದ್ದಾಗಲೆಲ್ಲ ಈ ಅಂಶದ ಹೆಸರು ಮತ್ತೆ ಮತ್ತೆ ಕೇಳಿಬಂದಿದೆ.

ಆರಂಭಿಕ ಉಲ್ಬಣ: ಒಂದು ವಿರೋಧಾಭಾಸ

1970ರ ದಶಕದ ಕೊನೆಯಲ್ಲಿ ಇನ್ಸುಲಿನ್ ಪಂಪ್ ಬಳಕೆಗೆ ಬಂದಿತು. ಸಕ್ಕರೆಯನ್ನು ಸಹಜ ಮಟ್ಟದ ಸಮೀಪದಲ್ಲಿ ನಿರಂತರವಾಗಿ ಇರಿಸುವುದು ಇದರಿಂದ ಮೊದಲ ಬಾರಿಗೆ ಸಾಧ್ಯವಾಯಿತು. ಹೀಗೆ ಮಾಡಿದರೆ ಅಕ್ಷಿಪಟಲ ಸುಧಾರಿಸುತ್ತದೆಂಬ ನಿರೀಕ್ಷೆಯಿಂದ ಡೆನ್ಮಾರ್ಕಿನ ಸ್ಟೆನೊ, ನಾರ್ವೆಯ ಓಸ್ಲೊ ಹಾಗೂ ಹಲವು ಕೇಂದ್ರಗಳು ಒಟ್ಟಾಗಿ ನಡೆಸಿದ ಕ್ರಾಕ್ ಅಧ್ಯಯನಗಳು ಆರಂಭವಾದವು. 1983ರಿಂದ 1985ರ ಅವಧಿಯಲ್ಲಿ ಪ್ರಕಟವಾದ ಫಲಿತಾಂಶಗಳು ವೈದ್ಯಲೋಕವನ್ನು ಚಕಿತಗೊಳಿಸಿದವು. ಸಕ್ಕರೆಯ ಹತೋಟಿ ಉತ್ತಮಗೊಂಡ ಮೊದಲ ತಿಂಗಳುಗಳಲ್ಲಿಯೇ ಅನೇಕರ ಅಕ್ಷಿಪಟಲ ಕೆಟ್ಟಿತ್ತು. ರಕ್ತಸಂಚಾರ ನಿಂತ ಭಾಗಗಳನ್ನು ಸೂಚಿಸುವ, ಹತ್ತಿಯ ಉಂಡೆಯಂತಹ ಬಿಳಿಯ ಮಚ್ಚೆಗಳು ಕಾಣಿಸಿಕೊಂಡಿದ್ದವು. ಇದಕ್ಕೆ ‘ಆರಂಭಿಕ ಉಲ್ಬಣ’ ಎಂಬ ಹೆಸರು ಬಂದಿತು.

ಅಧ್ಯಯನಗಳು ಅಷ್ಟಕ್ಕೇ ನಿಂತಿದ್ದರೆ ಬಿಗಿಯಾದ ಹತೋಟಿ ಅಪಾಯಕಾರಿ ಎಂಬ ತೀರ್ಮಾನವೇ ಉಳಿಯುತ್ತಿತ್ತು. ಆದರೆ ಓಸ್ಲೊ ಮತ್ತು ಸ್ಟೆನೊಗಳ ಸಂಶೋಧಕರು ರೋಗಿಗಳನ್ನು ಮುಂದೆಯೂ ಗಮನಿಸಿದರು. ಎರಡು ವರ್ಷಗಳ ನಂತರ ಚಿತ್ರ ತಿರುಗತೊಡಗಿತು. ಉತ್ತಮ ಹತೋಟಿಯಲ್ಲಿದ್ದವರ ಸ್ಥಿತಿ ಉಳಿದವರಿಗಿಂತ ಮೇಲಾಯಿತು.

ಈ ಪ್ರಶ್ನೆಯನ್ನು ಇತ್ಯರ್ಥಗೊಳಿಸಿದ್ದು ಉತ್ತರ ಅಮೆರಿಕದಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಎಂಬ ಬೃಹತ್ ಅಧ್ಯಯನ. ಒಂದನೆಯ ವಿಧದ ಮಧುಮೇಹವುಳ್ಳ 1,441 ಮಂದಿಯನ್ನು 29 ಕೇಂದ್ರಗಳಲ್ಲಿ ಸರಾಸರಿ ಆರೂವರೆ ವರ್ಷ ಪರೀಕ್ಷಿಸಲಾಯಿತು. ಆರಂಭದಲ್ಲಿ ಅಕ್ಷಿಪಟಲ ವಿಕಾರವಿಲ್ಲದವರಲ್ಲಿ ತೀವ್ರ ಚಿಕಿತ್ಸೆಯು ಅದು ತಲೆದೋರುವ ಸಂಭವವನ್ನು ಶೇ. 76ರಷ್ಟು ಕಡಿಮೆ ಮಾಡಿತು; ಸೌಮ್ಯ ವಿಕಾರವಿದ್ದವರಲ್ಲಿ ಅದರ ಮುನ್ನಡೆಯನ್ನು ಶೇ. 54ರಷ್ಟು ತಗ್ಗಿಸಿತು. ಇದೇ ಅಧ್ಯಯನದ ಮಾಹಿತಿಯನ್ನು ಆಧರಿಸಿ 1998ರಲ್ಲಿ ಪ್ರಕಟವಾದ ವಿಶ್ಲೇಷಣೆಯು ಆರಂಭಿಕ ಉಲ್ಬಣವನ್ನು ಅಳೆದು ತೋರಿಸಿತು. ಮೊದಲ ವರ್ಷದೊಳಗೆ ಅದು ತೀವ್ರ ಚಿಕಿತ್ಸೆಯ ಗುಂಪಿನಲ್ಲಿ ಶೇ. 13.1ರಷ್ಟು, ಸಾಮಾನ್ಯ ಚಿಕಿತ್ಸೆಯ ಗುಂಪಿನಲ್ಲಿ ಶೇ. 7.6ರಷ್ಟು ಜನರಲ್ಲಿ ಕಂಡುಬಂದಿತ್ತು. ಮೊದಲಿನ ಸಕ್ಕರೆಯ ಮಟ್ಟ ಹೆಚ್ಚಿದ್ದಷ್ಟೂ, ಅದು ವೇಗವಾಗಿ ಇಳಿದಷ್ಟೂ ಅಪಾಯ ಹೆಚ್ಚಾಗಿತ್ತು. ಹಾಗಿದ್ದರೂ ದೀರ್ಘಾವಧಿಯಲ್ಲಿ ಉಲ್ಬಣಗೊಂಡವರ ಸ್ಥಿತಿ ಕೂಡ ಸಾಮಾನ್ಯ ಚಿಕಿತ್ಸೆಯವರಿಗಿಂತ ಕೆಳಗಿಳಿಯಲಿಲ್ಲ.

ಆರಂಭಿಕ ಉಲ್ಬಣದ ಕಾರಣಗಳನ್ನು ಕುರಿತು ಒಂದಕ್ಕಿಂತ ಹೆಚ್ಚು ವಿವರಣೆಗಳಿವೆ. ಸಕ್ಕರೆ ಹೆಚ್ಚಿರುವ ಕಾಲದಲ್ಲಿ ಅಕ್ಷಿಪಟಲಕ್ಕೆ ರಕ್ತದ ಹರಿವೂ ಹೆಚ್ಚಿರುತ್ತದೆ; ಸಕ್ಕರೆ ಒಮ್ಮೆಗೇ ಇಳಿದಾಗ ಹರಿವು ತಗ್ಗಿ, ಆಗಲೇ ಶಿಥಿಲವಾಗಿದ್ದ ಲೋಮನಾಳಗಳ ಪ್ರದೇಶಕ್ಕೆ ಪ್ರಾಣವಾಯು ಸಾಲದಾಗುತ್ತದೆ ಎಂಬುದು ಒಂದು. ಐಜಿಎಫ್-1 ಏರುತ್ತದೆ ಎಂಬುದು ಇನ್ನೊಂದು. ಹೊಸ ರಕ್ತನಾಳಗಳನ್ನು ಪ್ರಚೋದಿಸುವ ವಿಇಜಿಎಫ್ ಎಂಬ ಅಂಶದ ಪಾತ್ರವನ್ನು ಮತ್ತೊಂದು ವಾದ ಎತ್ತಿ ಹೇಳುತ್ತದೆ. ಮೇದೋಜೀರಕ ಗ್ರಂಥಿಯ ಕಸಿ, ಬೊಜ್ಜು ನಿವಾರಣೆಯ ಶಸ್ತ್ರಚಿಕಿತ್ಸೆ ಮುಂತಾದ ಸಂದರ್ಭಗಳಲ್ಲಿಯೂ ಇದೇ ಬಗೆಯ ಉಲ್ಬಣ ವರದಿಯಾಗಿರುವುದು ಗಮನಾರ್ಹ. ಇದರಿಂದ ಯಾವುದೋ ಒಂದು ಔಷಧದ ವಿಷಗುಣಕ್ಕಿಂತ ಸಕ್ಕರೆ ಇಳಿಯುವ ವೇಗವೇ ಮುಖ್ಯ ಕಾರಣವಿರಬಹುದೆಂಬ ಊಹೆಗೆ ಬಲ ಬರುತ್ತದೆ.

ಎರಡನೆಯ ವಿಧದ ಮಧುಮೇಹದಲ್ಲಿಯೂ ಹತೋಟಿಯ ಪ್ರಯೋಜನ 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಿಂದ ದೃಢಪಟ್ಟಿತು. 3,867 ಮಂದಿ ಒಳಗೊಂಡಿದ್ದ ಅದರಲ್ಲಿ ಕಿರುರಕ್ತನಾಳಗಳ ತೊಡಕುಗಳು ಶೇ. 25ರಷ್ಟು ಕಡಿಮೆಯಾದವು, ಲೇಸರ್ ಚಿಕಿತ್ಸೆಯ ಅಗತ್ಯ ತಗ್ಗಿದ್ದು ಇದರ ಮುಖ್ಯ ಭಾಗವಾಗಿತ್ತು.

ಮಾರ್ಪಡಿಸಿದ ಇನ್ಸುಲಿನ್ ಮತ್ತು ಗ್ಲಿಟಜೋನ್‌ಗಳು

ಹೊಸ ಶತಮಾನದ ಆರಂಭದಲ್ಲಿ ಎರಡು ಬೇರೆ ಬೇರೆ ಸಂಶಯಗಳು ಎದ್ದವು. ಅವುಗಳ ಗತಿಯೂ ಬೇರೆ ಬೇರೆಯಾಯಿತು.

ಮೊದಲನೆಯದು ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಇನ್ಸುಲಿನ್ ಕುರಿತಾದುದು. ಪ್ರಯೋಗಾಲಯದಲ್ಲಿ ಇದು ಐಜಿಎಫ್-1ರ ಗ್ರಾಹಕಕ್ಕೆ ಸಹಜ ಇನ್ಸುಲಿನ್‌ಗಿಂತ ಬಲವಾಗಿ ಅಂಟಿಕೊಳ್ಳುವುದು ಕಂಡುಬಂದಿದ್ದರಿಂದ ಅಕ್ಷಿಪಟಲಕ್ಕೆ ಹಾನಿಯಾದೀತೆಂಬ ಶಂಕೆ ಹುಟ್ಟಿತು. 1,024 ಮಂದಿಯನ್ನು ಒಳಗೊಂಡು ಐದು ವರ್ಷ ನಡೆದ ಹೋಲಿಕೆಯ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಹಳೆಯ ಎನ್‌ಪಿಎಚ್ ಇನ್ಸುಲಿನ್‌ಗಿಂತ ಗ್ಲಾರ್ಜಿನ್‌ನಿಂದ ಅಕ್ಷಿಪಟಲ ವಿಕಾರ ಹೆಚ್ಚು ಮುಂದುವರಿಯುವುದಿಲ್ಲವೆಂದು ಅದು ತೋರಿಸಿತು. ಪ್ರಯೋಗಾಲಯದ ಸೂಚನೆ ಮನುಷ್ಯರಲ್ಲಿ ನಿಜವಾಗಲಿಲ್ಲ.

ಎರಡನೆಯದು ಗ್ಲಿಟಜೋನ್ ಗುಂಪಿನ ಮಾತ್ರೆಗಳಿಗೆ ಸಂಬಂಧಿಸಿದ್ದು. ರೋಸಿಗ್ಲಿಟಜೋನ್ ಮತ್ತು ಪಯೋಗ್ಲಿಟಜೋನ್ ಎರಡಕ್ಕೂ ಅಮೆರಿಕದಲ್ಲಿ 1999ರಲ್ಲಿ ಅನುಮತಿ ದೊರೆಯಿತು. ಈ ಔಷಧಗಳು ದೇಹದಲ್ಲಿ ನೀರು ಮತ್ತು ಉಪ್ಪನ್ನು ಹಿಡಿದಿಡುವುದರಿಂದ ಕೆಲವರಲ್ಲಿ ಕಾಲು ಊದಿಕೊಳ್ಳುವುದು ಮೊದಲೇ ತಿಳಿದಿತ್ತು. ಅದೇ ರೀತಿ ಸೂಕ್ಷ್ಮ ದೃಷ್ಟಿಯ ಕೇಂದ್ರವಾದ ಮ್ಯಾಕ್ಯುಲಾದಲ್ಲಿಯೂ ನೀರು ತುಂಬಿ ಊತ ಬರುವ ಪ್ರಕರಣಗಳು ವರದಿಯಾದವು. 2006ರ ಹೊತ್ತಿಗೆ ಈ ಬಗ್ಗೆ ವೈದ್ಯರಿಗೆ ಎಚ್ಚರಿಕೆ ತಲುಪಿತ್ತು. ಔಷಧ ನಿಲ್ಲಿಸಿದಾಗ ಕೆಲವರಲ್ಲಿ ಊತ ಇಳಿದುದೂ ದಾಖಲಾಯಿತು. 2010ರ ಅಕಾರ್ಡ್ ಅಧ್ಯಯನದ ನೇತ್ರವಿಭಾಗದಲ್ಲಿ ಈ ಸಂಬಂಧ ಕಂಡುಬರಲಿಲ್ಲ. ಆದರೆ 2012ರಲ್ಲಿ ಪ್ರಕಟವಾದ ಬ್ರಿಟನ್ನಿನ 1,03,368 ಮಧುಮೇಹಿಗಳ ದಾಖಲೆಗಳ ಅಧ್ಯಯನದಲ್ಲಿ, ಒಂದು ವರ್ಷದೊಳಗೆ ಮ್ಯಾಕ್ಯುಲಾದ ಊತ ಗ್ಲಿಟಜೋನ್ ಸೇವಿಸಿದವರಲ್ಲಿ ಶೇ. 1.3ರಷ್ಟು, ಸೇವಿಸದವರಲ್ಲಿ ಶೇ. 0.2ರಷ್ಟು ಕಂಡುಬಂದಿತು. ರೋಸಿಗ್ಲಿಟಜೋನ್ ಹೃದಯಕ್ಕೆ ಸಂಬಂಧಿಸಿದ ಆತಂಕದಿಂದಾಗಿ 2010ರಲ್ಲಿ ಭಾರತದಲ್ಲಿ ನಿಷೇಧಕ್ಕೊಳಗಾಯಿತು. ಪಯೋಗ್ಲಿಟಜೋನ್ 2013ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಶಂಕೆಯಿಂದ ಅಲ್ಪಕಾಲ ತಡೆಗೊಳಗಾಗಿ, ಎಚ್ಚರಿಕೆಯ ಷರತ್ತಿನೊಡನೆ ಮರಳಿ ಬಂದಿತು. ಹೀಗೆ ಎರಡೂ ಔಷಧಗಳ ಮೇಲೆ ಕ್ರಮ ಜರುಗಿದ್ದು ಕಣ್ಣಿನ ಕಾರಣಕ್ಕಲ್ಲ. ಮ್ಯಾಕ್ಯುಲಾದ ಊತವಿರುವವರಿಗೆ ಪಯೋಗ್ಲಿಟಜೋನ್ ಕೊಡುವಾಗ ವಹಿಸಬೇಕಾದ ಎಚ್ಚರ ಮಾತ್ರ ಉಳಿದುಕೊಂಡಿತು.

ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಅಕ್ಷಿಪಟಲಕ್ಕೆ ನೇರ ಹಾನಿ ಮಾಡುವ ಔಷಧವೆಂದು ಪರಿಗಣಿತವಾಗಿಲ್ಲ. ದೀರ್ಘಕಾಲ ಸೇವಿಸಿದವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಬಹುದು. ಆ ಕೊರತೆ ತೀವ್ರವಾದರೆ ದೃಷ್ಟಿನರವೂ ಬಾಧೆಗೊಳಗಾಗಬಹುದು ಎಂಬುದನ್ನು ಮಾತ್ರ ನೆನಪಿಡಬೇಕು.

ಸೆಮಾಗ್ಲುಟೈಡ್ ಮತ್ತು ಹಳೆಯ ಪಾಠದ ಪುನರಾವರ್ತನೆ

ಕರುಳಿನಲ್ಲಿ ಸ್ರವಿಸುವ ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಅನುಸರಿಸುವ ಔಷಧಗಳು 2005ರಲ್ಲಿ ಎಕ್ಸೆನಟೈಡ್ ಮೂಲಕ ಬಳಕೆಗೆ ಬಂದವು. ಲಿರಾಗ್ಲುಟೈಡ್ ಅದನ್ನು ಹಿಂಬಾಲಿಸಿತು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ಗೆ ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಅನುಮತಿ ದೊರೆಯಿತು. ಸಕ್ಕರೆಯ ಜೊತೆಗೆ ದೇಹದ ತೂಕವನ್ನೂ ಗಣನೀಯವಾಗಿ ಇಳಿಸುವುದು ಈ ಗುಂಪಿನ ವೈಶಿಷ್ಟ್ಯ.

ಸೆಮಾಗ್ಲುಟೈಡ್ ಹೃದಯಕ್ಕೆ ಸುರಕ್ಷಿತವೇ ಎಂಬುದನ್ನು ಪರೀಕ್ಷಿಸಲು 3,297 ಮಂದಿಯಲ್ಲಿ ನಡೆಸಿದ ಸಸ್ಟೇನ್-6 ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂದಿತು. ಹೃದಯದ ದೃಷ್ಟಿಯಿಂದ ಅದು ಅನುಕೂಲಕರವಾಗಿತ್ತು. ಆದರೆ ಅಕ್ಷಿಪಟಲದ ತೊಡಕುಗಳು ಔಷಧ ಪಡೆದವರಲ್ಲಿ ಶೇ. 3.0ರಷ್ಟು, ಹುಸಿಮದ್ದು ಪಡೆದವರಲ್ಲಿ ಶೇ. 1.8ರಷ್ಟು ಕಂಡುಬಂದವು. ಹೀಗೆ ತೊಡಕಿಗೆ ಒಳಗಾದ 79 ಮಂದಿಯಲ್ಲಿ 66 ಮಂದಿಗೆ ಪ್ರಯೋಗದ ಆರಂಭದಲ್ಲಿಯೇ ಅಕ್ಷಿಪಟಲ ವಿಕಾರವಿತ್ತು. 2018ರ ಮರುವಿಶ್ಲೇಷಣೆಯ ಪ್ರಕಾರ, ಮೊದಲೇ ವಿಕಾರವಿದ್ದು ಇನ್ಸುಲಿನ್ ಪಡೆಯುತ್ತಿದ್ದವರಲ್ಲಿ ಸಕ್ಕರೆ ಬಹುಬೇಗ ಇಳಿದುದು ಈ ವ್ಯತ್ಯಾಸದ ಬಹುಭಾಗವನ್ನು ವಿವರಿಸುತ್ತದೆ. 9,340 ಮಂದಿಯನ್ನು ಒಳಗೊಂಡ ಲಿರಾಗ್ಲುಟೈಡ್‌ನ ಲೀಡರ್ ಪ್ರಯೋಗದಲ್ಲಿ ಇಂತಹ ಸಂಖ್ಯಾಶಾಸ್ತ್ರೀಯವಾಗಿ ದೃಢವಾದ ವ್ಯತ್ಯಾಸ ಕಂಡಿರಲಿಲ್ಲ.

1980ರ ದಶಕದ ಪಂಪ್ ಅಧ್ಯಯನಗಳನ್ನು ಬಲ್ಲವರಿಗೆ ಈ ಫಲಿತಾಂಶ ಹೊಸದಾಗಿ ತೋರುವುದಿಲ್ಲ. ಔಷಧ ಬದಲಾಗಿದೆ, ರೋಗದ ವಿಧ ಬದಲಾಗಿದೆ. ಆದರೆ ಮೊದಲೇ ಹಾನಿಗೊಂಡ ಅಕ್ಷಿಪಟಲ, ಎತ್ತರದಲ್ಲಿದ್ದ ಸಕ್ಕರೆ, ಶೀಘ್ರವಾದ ಇಳಿತ ಎಂಬ ಮೂರು ಅಂಶಗಳ ಸಂಯೋಗ ಹಾಗೆಯೇ ಉಳಿದಿದೆ. ಈ ಔಷಧದ ಪ್ರಮಾಣವನ್ನು ಕ್ರಮಕ್ರಮವಾಗಿ ಏರಿಸುವ ಪದ್ಧತಿ ಮುಖ್ಯವಾಗಿ ವಾಕರಿಕೆ, ವಾಂತಿಗಳನ್ನು ತಪ್ಪಿಸಲು ರೂಪುಗೊಂಡದ್ದು. ವಿಕಾರಗೊಂಡ ಅಕ್ಷಿಪಟಲವುಳ್ಳವರಲ್ಲಿ ಅವಸರಪಡದಿರಲು ಅದು ಇನ್ನೊಂದು ಕಾರಣದಿಂದಲೂ ಉಚಿತವೆನಿಸುತ್ತದೆ.

ದೃಷ್ಟಿನರದ ಪ್ರಶ್ನೆ

2024ರಲ್ಲಿ ಎದ್ದ ಆತಂಕ ಅಕ್ಷಿಪಟಲದ್ದಲ್ಲ, ದೃಷ್ಟಿನರದ್ದು. ದೃಷ್ಟಿನರದ ಮುಂಭಾಗಕ್ಕೆ ರಕ್ತ ಪೂರೈಕೆ ಹಠಾತ್ತನೆ ಕುಂಠಿತವಾಗಿ ಒಂದು ಕಣ್ಣಿನ ದೃಷ್ಟಿ ನೋವಿಲ್ಲದೆ ಕುಂದುವ ರೋಗವೊಂದಿದೆ. ಅನೇಕರಿಗೆ ಅದು ಬೆಳಿಗ್ಗೆ ಎದ್ದಾಗ ಅರಿವಿಗೆ ಬರುತ್ತದೆ. ವೈದ್ಯರು ಇದನ್ನು ಸಂಕ್ಷಿಪ್ತವಾಗಿ ಎನ್‌ಎಐಒಎನ್ ಎನ್ನುತ್ತಾರೆ. ಐವತ್ತು ದಾಟಿದವರು, ಮಧುಮೇಹ ಮತ್ತು ರಕ್ತದೊತ್ತಡ ಉಳ್ಳವರು, ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆಯವರು ಇದಕ್ಕೆ ಹೆಚ್ಚು ಒಳಗಾಗುತ್ತಾರೆ. ಕಳೆದ ದೃಷ್ಟಿಯನ್ನು ಮರಳಿ ತರುವ ಸಿದ್ಧ ಚಿಕಿತ್ಸೆ ಇದಕ್ಕಿಲ್ಲ.

ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಐ ಅಂಡ್ ಇಯರ್ ಆಸ್ಪತ್ರೆಯ ಸಂಶೋಧಕರು 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಜಗತ್ತಿನ ಗಮನ ಸೆಳೆಯಿತು. ಅದರಲ್ಲಿನ 710 ಮಧುಮೇಹಿಗಳ ಪೈಕಿ ಮೂರು ವರ್ಷಗಳಲ್ಲಿ ಈ ರೋಗ ಸೆಮಾಗ್ಲುಟೈಡ್ ಪಡೆದವರಲ್ಲಿ ಶೇ. 8.9ರಷ್ಟು, ಇತರ ಔಷಧ ಪಡೆದವರಲ್ಲಿ ಶೇ. 1.8ರಷ್ಟು ಕಂಡುಬಂದಿತ್ತು. ಆದರೆ ಈ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. ಇವರೆಲ್ಲರೂ ದೃಷ್ಟಿನರದ ತಜ್ಞರ ಬಳಿಗೆ ಬಂದ ರೋಗಿಗಳು. ಸಾಮಾನ್ಯ ಜನಸಮುದಾಯದ ಪ್ರತಿನಿಧಿಗಳಲ್ಲ. ಅದೇ ವರ್ಷದ ಕೊನೆಗೆ ಡೆನ್ಮಾರ್ಕಿನ 4,24,152 ಮಧುಮೇಹಿಗಳ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ ಅಧ್ಯಯನ ಸೆಮಾಗ್ಲುಟೈಡ್ ಪಡೆದವರಲ್ಲಿ ಅಪಾಯ ಸುಮಾರು ಎರಡು ಪಟ್ಟು ಎಂದಿತು. ಅಪಾಯ ಇಮ್ಮಡಿಯಾದರೂ ರೋಗವೇ ವಿರಳವಾದುದರಿಂದ ಒಟ್ಟು ಪ್ರಕರಣಗಳ ಸಂಖ್ಯೆ ಬಹಳ ಕಡಿಮೆ.

ಐರೋಪ್ಯ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ 2025ರ ಜೂನ್‌ನಲ್ಲಿ ಇದನ್ನು ಸೆಮಾಗ್ಲುಟೈಡ್‌ನ ಅತಿ ವಿರಳ ಅಡ್ಡಪರಿಣಾಮವೆಂದು ಅಂಗೀಕರಿಸಿತು. ಸೇವಿಸುವ 10,000 ಜನರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಬಾಧಿಸಬಹುದೆಂದು ಹೇಳಿತು. ದೃಷ್ಟಿ ಹಠಾತ್ತನೆ ಕುಂದಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು, ರೋಗ ಖಚಿತವಾದರೆ ಔಷಧವನ್ನು ನಿಲ್ಲಿಸಬೇಕು ಎಂಬುದು ಅದರ ಸೂಚನೆ. ಅದೇ ತಿಂಗಳು ವಿಶ್ವ ಆರೋಗ್ಯ ಸಂಸ್ಥೆಯೂ ಎಚ್ಚರಿಕೆಯ ಪ್ರಕಟಣೆ ಹೊರಡಿಸಿತು.

ಭಾರತದ ಸಂದರ್ಭ

ಭಾರತದಲ್ಲಿ ಅಂಧತ್ವ ನಿವಾರಣೆಯ ಕಾರ್ಯ ಬಹುಕಾಲ ಕಣ್ಣಿನ ಪೊರೆಯ ಸುತ್ತಲೇ ನಡೆಯಿತು. ಬೆಂಗಳೂರಿನಲ್ಲಿ 1896ರಲ್ಲಿ ಆರಂಭಗೊಂಡು ಮುಂದೆ ಮಿಂಟೊ ಆಸ್ಪತ್ರೆಯೆಂದು ಪ್ರಸಿದ್ಧವಾದ ನೇತ್ರ ಚಿಕಿತ್ಸಾಲಯ, ಡಾ. ಎಂ.ಸಿ. ಮೋದಿಯವರು ಊರೂರುಗಳಲ್ಲಿ ನಡೆಸಿದ ನೇತ್ರ ಶಿಬಿರಗಳು ಕರ್ನಾಟಕದ ಹೆಮ್ಮೆಯ ಅಧ್ಯಾಯಗಳು. 1976ರಲ್ಲಿ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಜಾರಿಗೆ ಬಂದಿತು. ಪೊರೆಯನ್ನು ತೆಗೆದರೆ ದೃಷ್ಟಿ ಮರಳುತ್ತದೆ. ಶಿಬಿರದ ಮಾದರಿ ಅದಕ್ಕೆ ತಕ್ಕುದಾಗಿತ್ತು. ಅಕ್ಷಿಪಟಲದ ವಿಕಾರ ಹಾಗಲ್ಲ. ನಷ್ಟವಾಗುವ ಮೊದಲೇ ಅದನ್ನು ಗುರುತಿಸಬೇಕು, ಪ್ರತಿ ವರ್ಷ ಪರೀಕ್ಷಿಸಬೇಕು. ರೋಗಿಗೆ ಏನೂ ತೊಂದರೆ ತೋರದ ಹಂತದಲ್ಲಿಯೇ ಅವನನ್ನು ಪರೀಕ್ಷೆಗೆ ಕರೆತರಬೇಕಾಗುವುದು ಇಲ್ಲಿನ ಕಷ್ಟ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ 2023ರ ವರದಿಯಂತೆ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. 2022ರಲ್ಲಿ ಪ್ರಕಟವಾದ ಸ್ಮಾರ್ಟ್ ಇಂಡಿಯಾ ಅಧ್ಯಯನವು ನಲವತ್ತು ದಾಟಿದ ಮಧುಮೇಹಿಗಳಲ್ಲಿ ಶೇ. 12.5ರಷ್ಟು ಮಂದಿಗೆ ಅಕ್ಷಿಪಟಲ ವಿಕಾರವನ್ನೂ ಶೇ. 4ರಷ್ಟು ಮಂದಿಗೆ ದೃಷ್ಟಿಗೆ ಅಪಾಯ ತರುವ ಹಂತವನ್ನೂ ಗುರುತಿಸಿತು. ಅಂದರೆ ಸರಿಸುಮಾರು ಎಂಟು ಮಂದಿಯಲ್ಲಿ ಒಬ್ಬರ ಕಣ್ಣು ಈಗಾಗಲೇ ಹಾನಿಗೊಂಡಿದೆ. ಸಕ್ಕರೆ ಶೀಘ್ರವಾಗಿ ಇಳಿದರೆ ಆರಂಭಿಕ ಉಲ್ಬಣಕ್ಕೆ ಗುರಿಯಾಗಬಹುದಾದವರು ಇಂಥವರೇ.

ಸೆಮಾಗ್ಲುಟೈಡ್ ಭಾರತಕ್ಕೆ 2022ರಲ್ಲಿ ಮಾತ್ರೆಯ ರೂಪದಲ್ಲಿ ಬಂದಿತು. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಕೆಗಾಗಿ ನೀಡುವ ಸೆಮಾಗ್ಲುಟೈಡ್ ಚುಚ್ಚುಮದ್ದುಗಳು ಮಾರುಕಟ್ಟೆಯನ್ನು ಪ್ರವೇಶಿಸಿದವು. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿಯ ಮುಕ್ತಾಯ ಇಲ್ಲಿ 2026ರ ಮಾರ್ಚ್‌ಗೆ ನಿಗದಿಯಾಗಿತ್ತು. ಬೆಲೆ ಇಳಿದಷ್ಟೂ ಔಷಧ ಹೆಚ್ಚು ಜನರನ್ನು ತಲುಪುತ್ತದೆ. ಅಕ್ಷಿಪಟಲದ ಪರೀಕ್ಷೆಯೂ ಅದೇ ವೇಗದಲ್ಲಿ ತಲುಪದಿದ್ದರೆ, ಟೊರಾಂಟೊದಿಂದ ಓಸ್ಲೊದವರೆಗೆ ಕಲಿತ ಪಾಠ ಇಲ್ಲಿ ಮತ್ತೊಮ್ಮೆ ಕಷ್ಟದಿಂದಲೇ ಕಲಿಯಬೇಕಾದೀತು.

ಉಪಸಂಹಾರ

ಮೇಲಿನ ಅವಲೋಕನದಿಂದ ಮಧುಮೇಹದ ಔಷಧಗಳಿಂದ ಕಣ್ಣಿಗೆ ಒದಗಬಹುದಾದ ತೊಂದರೆಗಳು ಒಂದೇ ಬಗೆಯವಲ್ಲವೆಂಬುದು ಸ್ಪಷ್ಟವಾಗುತ್ತದೆ. ಮಸೂರದ ಬದಲಾವಣೆಯಿಂದಾಗುವ ಮಸುಕು ತಾತ್ಕಾಲಿಕ. ಆರಂಭಿಕ ಉಲ್ಬಣ ಮುಖ್ಯವಾಗಿ ಸಕ್ಕರೆ ಇಳಿಯುವ ವೇಗಕ್ಕೆ ಸಂಬಂಧಿಸಿದ್ದು. ಯಾವುದೇ ಪ್ರಬಲ ಚಿಕಿತ್ಸೆಯಲ್ಲಿಯೂ ಅದು ತಲೆದೋರಬಹುದು. ಮ್ಯಾಕ್ಯುಲಾದ ಊತ ಗ್ಲಿಟಜೋನ್‌ಗಳು ನೀರನ್ನು ಹಿಡಿದಿಡುವ ಗುಣಕ್ಕೆ ಸೇರಿದ್ದು. ದೃಷ್ಟಿನರದ ಬಾಧೆ ಸೆಮಾಗ್ಲುಟೈಡ್‌ಗೆ ಸಂಬಂಧಿಸಿದ ಅತಿ ವಿರಳ ಘಟನೆ. ಇವೆಲ್ಲವನ್ನೂ ಒಂದೇ ಭಯದ ಮೂಟೆಯಲ್ಲಿ ಕಟ್ಟಿದರೆ ರೋಗಿಗೆ ನಷ್ಟವೇ ಹೊರತು ಲಾಭವಿಲ್ಲ.

ಇವುಗಳಲ್ಲಿ ಯಾವುದೂ ಸಕ್ಕರೆಯನ್ನು ಹತೋಟಿಯಲ್ಲಿಡಬಾರದು ಎಂಬುದಕ್ಕೆ ಆಧಾರವಾಗುವುದಿಲ್ಲ. ಡಿಸಿಸಿಟಿಯ ಶೇ. 76 ಎಂಬ ಸಂಖ್ಯೆ ಆ ಮಾತಿಗೆ ಉತ್ತರವಾಗಿ ನಿಂತಿದೆ. ಚರಿತ್ರೆ ಹೇಳುವ ಮಾತು ಬೇರೆ: ಪ್ರಬಲ ಚಿಕಿತ್ಸೆಯನ್ನು ಆರಂಭಿಸುವ ಮೊದಲು ಪಾಪೆಯನ್ನು ಹಿಗ್ಗಿಸಿ ಅಕ್ಷಿಪಟಲವನ್ನು ನೋಡಬೇಕು, ವಿಕಾರ ಮುಂದುವರಿದಿದ್ದರೆ ಲೇಸರ್ ಅಥವಾ ವಿಇಜಿಎಫ್ ತಡೆಯುವ ಚುಚ್ಚುಮದ್ದಿನಿಂದ ಮೊದಲು ಅದನ್ನು ಸ್ಥಿರಗೊಳಿಸಬೇಕು, ಮೊದಲ ವರ್ಷದಲ್ಲಿ ಪರೀಕ್ಷೆಯನ್ನು ಪದೇ ಪದೇ ಮಾಡಬೇಕು. 1980ರ ದಶಕದ ಸಂಶೋಧಕರು ಮೊದಲ ತಿಂಗಳುಗಳ ಫಲಿತಾಂಶದಿಂದ ಎದೆಗುಂದಿ ಪ್ರಯೋಗಗಳನ್ನು ಕೈಬಿಟ್ಟಿದ್ದರೆ ಬಿಗಿಯಾದ ಹತೋಟಿಯ ಮೇಲಿನ ಅಪವಾದ ಹಾಗೆಯೇ ಉಳಿಯುತ್ತಿತ್ತು. ಆ ಫಲಿತಾಂಶವನ್ನು ಮುಚ್ಚಿಟ್ಟಿದ್ದರೆ ಮುಂದಿನ ರೋಗಿಗಳಿಗೆ ಎಚ್ಚರಿಕೆಯೇ ದೊರೆಯುತ್ತಿರಲಿಲ್ಲ. ಅವರು ಹಾನಿಯನ್ನು ದಾಖಲಿಸಿದರು, ಜೊತೆಗೆ ಕಾದು ನೋಡಿದರು. ಹೊಸ ಔಷಧಗಳ ವಿಷಯದಲ್ಲಿಯೂ ವೈದ್ಯರು, ಸಂಶೋಧಕರು ಮತ್ತು ಸರ್ಕಾರಗಳು ಅನುಸರಿಸಬೇಕಾದ ಕ್ರಮ ಇದೇ ಆಗಿದೆ.